ಹೊನ್ನೆಬೈಲಿನ ರಾಕ್ಷಸ

ಸಾಗರ
೧೯ ಜನವರಿ ೨೦೨೫

ಸುಂದರೇಶ,

ನಿಂತಿದ್ದರೆ ಕೂತುಕೊಂಡು ಓದು. ನನ್ನ ಮನೆಯಲ್ಲಿ ಪವಾಡ ನಡೆದಿದೆ. ದೇವರ ವಿಷಯದಲ್ಲಿ ಈ ಶಬ್ದ ನನ್ನ ಬಾಯಲ್ಲಿ ಬರುವುದಿಲ್ಲವೆಂದು ನಿನಗೆ ಗೊತ್ತು. ಕಂಪ್ಯೂಟರಿನ ವಿಷಯದಲ್ಲಿ ಹೇಳುತ್ತಿದ್ದೇನೆ.

ಕಾರ್ತಿಕದಲ್ಲಿ ಹೊನ್ನೆಬೈಲಿನ ದೇವಸ್ಥಾನದಲ್ಲಿ ನಿಮ್ಮ ತಾಳಮದ್ದಳೆ ಆಯಿತಲ್ಲ, ಆ ಊರಿನ ಅಮ್ಮನ ಮಹಾತ್ಮೆ. ನಿನ್ನದು ರಾಕ್ಷಸ, ನಿನ್ನ ಶಿಷ್ಯೆ ಮೇಧಾಳದು ದೇವಿ. ನಾನು ಎಂದಿನಂತೆ ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದೆ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಹೊಸ ತಂತ್ರಾಂಶವೊಂದು ಸಿಕ್ಕಿತು. ಪರೀಕ್ಷೆ ಮಾಡುವುದಾದರೆ ಕಷ್ಟದ್ದನ್ನೇ ಕೊಡಬೇಕು ಎಂದುಕೊಂಡೆ. ತಾಳಮದ್ದಳೆಗಿಂತ ಕಷ್ಟದ್ದು ಯಾವುದಿದೆ ಹೇಳು? ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತು ಒಂದೂ ಇಲ್ಲ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದರೆ ನೀವು ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾ ಒಬ್ಬರನ್ನೊಬ್ಬರು ಮಾತಿನಲ್ಲಿ ಕೆಡವುತ್ತೀರಿ. ನಡುನಡುವೆ ಮದ್ದಳೆ ಬೇರೆ.

ಯಾವುದೋ ಕಂಪನಿಗೆ ನಿನ್ನ ಧ್ವನಿಯನ್ನು ಕಳಿಸಲಿಲ್ಲ ಮಾರಾಯ, ಅಷ್ಟು ತಿಳಿಗೇಡಿ ನಾನಲ್ಲ. ಇದು ಮುಕ್ತ ತಂತ್ರಾಂಶ, ಓಡಿದ್ದು ನನ್ನದೇ ಹಳೇ ಡಬ್ಬ ಕಂಪ್ಯೂಟರಿನಲ್ಲಿ, ಇಂಟರ್ನೆಟ್ಟಿನ ವಯರು ಕಿತ್ತಿಟ್ಟಿದ್ದೆ. ಬೆಳಿಗ್ಗೆ ಶುರು ಮಾಡಿ, ಊಟ ಮುಗಿಸಿ ಬಂದು ನೋಡಿದರೆ ಪರದೆಯ ಮೇಲೆ ನಿನ್ನ ಮಾತು ಸಾಲುಸಾಲಾಗಿ ಇಳಿಯುತ್ತಿದೆ. ಕನ್ನಡದಲ್ಲಿ! ನೀನು ಗಂಟಲು ಸರಿಮಾಡಿಕೊಳ್ಳುವಾಗ ‘ಹ್ಞಾಂ’ ಎನ್ನುತ್ತೀಯಲ್ಲ, ಅದೂ ಇದೆ. ಮದ್ದಳೆಯ ಪೆಟ್ಟು ಬಂದಲ್ಲೆಲ್ಲ ಮಾತ್ರ ಪಾಪ, ‘ಧನ್ಯವಾದಗಳು’ ಎಂದು ಬರೆದಿದೆ. ಯಾರ ಮಾತು ಯಾರದೆಂದು ಅದೇ ಬೇರೆ ಮಾಡಿಯೂ ಕೊಡುತ್ತದೆ.

ಸಾಗರದಿಂದ ತೀರ್ಥಹಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಜನ ಕಾಯುತ್ತಿದ್ದ ಕಾಲದಲ್ಲಿ ಎಕ್ಸ್‌ಚೇಂಜಿನಲ್ಲಿ ಕೂತವನು ನಾನು. ಎಷ್ಟು ಕಿರುಚಿದರೂ ಆಚೆಗಿನ ಮನುಷ್ಯರಿಗೇ ಕೇಳುತ್ತಿರಲಿಲ್ಲ. ಈಗ ಒಂದು ಡಬ್ಬಕ್ಕೆ ಕೇಳುತ್ತದೆ. ನನಗೆ ಕಣ್ಣಲ್ಲಿ ನೀರು ಬಂತು, ನಗಬೇಡ.

ಉಳಿದಂತೆ ಲೋಕ ಕೆಟ್ಟಿದೆ. ಮೊನ್ನೆ ಪೇಟೆಯಲ್ಲಿ ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನು ಫೋನ್ ನಂಬರ್ ಕೇಳಿದ. “ಚಪ್ಪಲಿ ನನ್ನ ಕಾಲಿಗೆ ಮಾರಾಯ, ಫೋನಿಗಲ್ಲ” ಎಂದೆ. ನಮ್ಮ ಖಾಸಗಿ ಮಾಹಿತಿ ಕಾಯುವುದಕ್ಕೆ ಸರ್ಕಾರದ ಕರಡು ನಿಯಮಗಳು ಬಂದಿವೆಯಂತೆ. ಅವು ಬರುವವರೆಗೆ ನಾನೇ ಕಾಯುತ್ತಿದ್ದೆ, ಬಂದ ಮೇಲೂ ನಾನೇ ಕಾಯಬೇಕು.

ನಿನ್ನ ಮಾತಿನ ಹಾಳೆಗಳನ್ನು ಮುದ್ರಿಸಿ ಇದರ ಜೊತೆ ಇಟ್ಟಿದ್ದೇನೆ. ಓದಿ ಬರೆ. ಫೋನ್ ಮಾಡಬೇಡ, ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯೇ ಹೊರತು ಕೇಳಿದ್ದಕ್ಕೆ ಉತ್ತರ ಹೇಳುವುದಿಲ್ಲ.

ತೆರೆದ ಬಾಯಿ ಇನ್ನೂ ಮುಚ್ಚದ
ಗೌರೀಶ


ತೀರ್ಥಹಳ್ಳಿ
೨ ಫೆಬ್ರವರಿ ೨೦೨೫

ಗೌರೀಶ,

ಹಾಳೆಗಳನ್ನು ಓದಿದೆ. ಒಮ್ಮೆ ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ, ಅಡಿಗೆಮನೆಯಿಂದ ವಿಶಾಲಾಕ್ಷಿ “ಸಾಕು ಮಾರಾಯ್ರೇ, ರಾಕ್ಷಸನ್ನ ಊರಿಗೆ ಕಳಿಸಿ” ಅನ್ನುವವರೆಗೆ.

ಇದು ನಾನು ಆಡಿದ್ದೇ? ಇಷ್ಟು ವರ್ಷ ಅರ್ಥ ಹೇಳಿದ್ದೇನೆ, ಹೇಳಿದ್ದನ್ನು ಒಂದು ದಿನವೂ ಓದಿರಲಿಲ್ಲ. ಈ ಸಾಲು ನೋಡು: “ಒಂದು ಕಲ್ಲನ್ನು ತೊಳೆದು ಹೂವಿಟ್ಟು ತಾಯಿ ಎನ್ನುತ್ತೀರಿ. ಹೆತ್ತ ತಾಯಿ ಹಿತ್ತಲಲ್ಲಿ ಕೆಮ್ಮುತ್ತಾ ಕೂತಿದ್ದಾಳೆ, ಅವಳ ಕಡೆಗೆ ತಿರುಗಿ ನೋಡಿದಿರಾ? ಕಲ್ಲು ಕೆಮ್ಮುವುದಿಲ್ಲ, ಅದಕ್ಕೇ ನಿಮಗೆ ಕಲ್ಲಿನ ಮೇಲೆ ಅಷ್ಟು ಭಕ್ತಿ.” ಮನೆಯಿಂದ ಹೊರಡುವಾಗ ಈ ಮಾತು ನನ್ನ ಹತ್ತಿರ ಇರಲಿಲ್ಲ. ಭಾಗವತರು ಪದ್ಯ ನಿಲ್ಲಿಸಿದರು, ಸಭೆಯಲ್ಲಿ ಯಾರೋ ಕೆಮ್ಮಿದರು, ಬಾಯಿಗೆ ಬಂತು. ಎಲ್ಲಿಂದ ಬಂತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ನನ್ನ ಮಾತು ನನಗೆ ನೆನಪಿರುವುದಿಲ್ಲ, ಎದುರಿನವರದ್ದನ್ನು ಮರೆಯುವುದಿಲ್ಲ. ಅದಕ್ಕೆ ಮೇಧಾ ಕೊಟ್ಟ ಉತ್ತರ ಇದು: “ಕಲ್ಲು ಕೆಮ್ಮುವುದಿಲ್ಲ, ನಿಜ. ಊರಿಗೆಲ್ಲ ಕೇಳದ ಆ ಕೆಮ್ಮು ನಿನ್ನೊಬ್ಬನಿಗೆ ಕೇಳಿಸಿತಲ್ಲ, ಕೇಳಿಸಿದವಳು ಯಾರು? ನನ್ನನ್ನು ಬೈಯಲು ನಿನ್ನ ನಾಲಿಗೆಯ ಮೇಲೆ ಬಂದು ಕೂತವಳೂ ನಾನೇ.” ನಾನು ಸೋತೆ. ಸೋತು ಅಷ್ಟು ಖುಷಿಪಟ್ಟ ದಿನ ಬೇರೆ ಇಲ್ಲ. ನನ್ನ ತರಗತಿಯ ಕೊನೇ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಹುಡುಗಿ ಅವಳು.

ಆದರೆ ಗೌರೀಶ, ಈ ಹಾಳೆ ನಿನ್ನಲ್ಲೊಂದು ನನ್ನಲ್ಲೊಂದು ಇದ್ದರೆ ಸಾಕು. ಮಂಗಳ ಹಾಡಿದ ಮೇಲೆ ದೇವಿಯೂ ರಾಕ್ಷಸನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತೇವೆ. ಎಲೆಯ ಮುಂದೆ ಯಾರೂ ಕೂಟದ ಮಾತು ಎತ್ತುವುದಿಲ್ಲ. ಅಲ್ಲಿಗೆ ಅದು ಮುಗಿಯಬೇಕು. ಮುಗಿಯುತ್ತದೆ ಎಂಬ ಧೈರ್ಯದ ಮೇಲೇ ನಾವು ಅಷ್ಟೆಲ್ಲ ಆಡುವುದು.

ನಿನ್ನ ಡಬ್ಬಕ್ಕೆ ನನ್ನ ನಮಸ್ಕಾರ ಹೇಳು.

ಸುಂದರೇಶ


ಸಾಗರ
೩ ಫೆಬ್ರವರಿ ೨೦೨೫

ಸುಂದರೇಶ,

ನಿನ್ನ ಉತ್ತರ ಕಾಯುವಷ್ಟು ತಾಳ್ಮೆ ನನಗಿಲ್ಲ. ನಿನ್ನೆ ನಿನ್ನನ್ನು ಲೋಕಕ್ಕೆ ಕೊಟ್ಟುಬಿಟ್ಟೆ!

ನನ್ನ ಸ್ವಂತ ಜಾಲತಾಣದಲ್ಲಿ. ಜಾಹೀರಾತಿಲ್ಲ, ಯಾರು ಬಂದರು ಯಾರು ಹೋದರೆಂದು ಇಣುಕುವ ಕೆಲಸವೂ ಇಲ್ಲ. ಬರಿಯ ಅಕ್ಷರವಲ್ಲ, ಧ್ವನಿಯನ್ನೂ ಹಾಕಿದ್ದೇನೆ. ಆ ತಂತ್ರಾಂಶದ ಕೈಚಳಕ ಕೇಳು: ಮದ್ದಳೆಯನ್ನು ತೆಗೆ ಎಂದೆ, ತೆಗೆಯಿತು. ಭಾಗವತರನ್ನು, ಮೇಧಾಳನ್ನು, ಸಭೆಯ ಗುಜುಗುಜನ್ನು ಎಲ್ಲ ತೆಗೆಯಿತು. ಹಲಸಿನ ಹಣ್ಣು ಬಿಡಿಸಿ ಬರೀ ತೊಳೆ ತಟ್ಟೆಗೆ ಹಾಕಿದ ಹಾಗೆ ಉಳಿದದ್ದು ನಿನ್ನ ಕಂಠ ಒಂದೇ. ಪಕ್ಕದಲ್ಲಿ ಕೂತು ಮಾತಾಡಿದಂತಿದೆ. ‘ಸುಂದರೇಶನ ಮಾತುಗಳು’ ಎಂದು ಹೆಸರಿಟ್ಟೆ.

ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು ಎಂದು ಕೆಳಗೆ ಬರೆದಿದ್ದೇನೆ. ಒಳ್ಳೆಯದನ್ನು ಬೀಗ ಹಾಕಿ ಇಡಬಾರದು, ಇದು ನನ್ನ ಹಳೇ ತತ್ವ. ಮೇಧಾಳ ಮಾತನ್ನೂ ಹೀಗೇ ಬಿಡಿಸಿ ಹಾಕುವವನಿದ್ದೇನೆ, ಬಿಡುವಾದಾಗ.

ನಿನ್ನ ಮೊದಲ ಶ್ರೋತೃ
ಗೌರೀಶ


ತೀರ್ಥಹಳ್ಳಿ
೧೦ ಮಾರ್ಚ್ ೨೦೨೫

ಗೌರೀಶಣ್ಣನವರಿಗೆ,

ಇವರು ಬರೆಯುವುದಿಲ್ಲವೆಂದು ಕೂತಿದ್ದಾರೆ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ನೀವು ಫೋನ್ ಗುಂಪುಗಳಲ್ಲಿ ಇರುವವರಲ್ಲವಾದ್ದರಿಂದ ನಿಮಗೆ ಇನ್ನೂ ಗೊತ್ತಾಗಿರಲಿಕ್ಕಿಲ್ಲ.

ಕಲ್ಲು ಕೆಮ್ಮುವುದಿಲ್ಲ ಎನ್ನುವ ಆ ಮಾತನ್ನು ಯಾರೋ ನಿಮ್ಮಲ್ಲಿಂದ ಕತ್ತರಿಸಿಕೊಂಡಿದ್ದಾರೆ. ಇವರ ನಿವೃತ್ತಿಯ ದಿನದ ಫೋಟೋ ಹಾಕಿ, ಹಾರ ಹಾಕಿಕೊಂಡು ನಗುತ್ತಿದ್ದಾರಲ್ಲ ಅದು, ಮೇಲೆ ಕೆಂಪಕ್ಷರದಲ್ಲಿ ‘ಹೊನ್ನೆಬೈಲಿನ ಅಮ್ಮನನ್ನು ಕಲ್ಲೆಂದ ಮೇಷ್ಟರು’ ಎಂದು ಬರೆದಿದ್ದಾರೆ. ರಾಕ್ಷಸ ಎಂಬ ಶಬ್ದವೇ ಅದರಲ್ಲಿ ಇಲ್ಲ. ಮೇಧಾಳ ಉತ್ತರವೂ ಇಲ್ಲ. ಇವರೊಬ್ಬರೇ ಕೂತು ತಮ್ಮ ಮನಸ್ಸಿನ ಮಾತು ಹೇಳಿದ ಹಾಗೆ ಕೇಳುತ್ತದೆ. ಇಂಟರ್ನೆಟ್ಟಿನ ಸುದ್ದಿ ಚಾನೆಲೊಂದು ಅದನ್ನೇ ಹಿಂದೆಮುಂದೆ ತಿರುಗಿಸಿ ದಿನವಿಡೀ ತೋರಿಸಿತಂತೆ.

ಗೇಟಿನ ಹತ್ತಿರ ಇಬ್ಬರು ಬಂದು ಕೂಗಾಡಿ ಹೋದರು. ಅವರಿಗೆ ಪಾಠ ಹೇಳಿದವರು ಇವರೇ. ಹೊನ್ನೆಬೈಲಿನ ದೇವಸ್ಥಾನದ ಸಮಿತಿಯ ಹೂವಯ್ಯನವರು ಫೋನ್ ಮಾಡಿ “ಇನ್ಮೇಲೆ ನಮ್ಮೂರಿಗೆ ಬರೋದು ಬೇಡ ಮೇಷ್ಟ್ರೇ” ಎಂದು ಇಟ್ಟುಬಿಟ್ಟರು. ಇವರು ಎದುರು ಮಾತೇ ಆಡಲಿಲ್ಲ, ಅದೇ ನನಗೆ ಹೆದರಿಕೆ. ನೀವು ಬೇಕೆಂದು ಮಾಡಿದ್ದಲ್ಲ ಎಂದು ಗೊತ್ತು. ಆದರೂ ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ.

ವಿಶಾಲಾಕ್ಷಿ


ತೀರ್ಥಹಳ್ಳಿ
೨೨ ಮಾರ್ಚ್ ೨೦೨೫

ಗೌರೀಶ,

ನಿನ್ನ ಫೋನು ತೆಗೆಯಲಿಲ್ಲ, ಕ್ಷಮಿಸು. ಬೈಯಬೇಕಾಗುತ್ತದೆ ಎಂದು ತೆಗೆಯಲಿಲ್ಲ.

ಇನ್ನು ಅರ್ಥ ಹೇಳುವುದಿಲ್ಲ. ಹೆದರಿಕೆಗಲ್ಲ. ಬಾಯಿ ತೆರೆದ ಕೂಡಲೇ, ಇದೊಂದನ್ನೇ ಕತ್ತರಿಸಿ ಕೇಳಿಸಿದರೆ ಹೇಗೆ ಕೇಳಿಸೀತು ಎಂಬ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ ಹಾಕುವವನು ರಾಕ್ಷಸನಾಗಲಾರ. ದೇವರೂ ಆಗಲಾರ. ಹಾಲಿನವನ ಹತ್ತಿರ ಮಾತಾಡುವಾಗಲೂ ನಿನ್ನೆ ಹಾಗೇ ಆಯಿತು.

ಸುಂದರೇಶ


ಸಾಗರ
೧೩ ಏಪ್ರಿಲ್ ೨೦೨೫

ಸುಂದರೇಶ,

ಬೈದಿದ್ದರೆ ಒಳ್ಳೆಯದಿತ್ತು.

ನನ್ನ ತಾಣದಿಂದ ತೆಗೆದೆ, ಅದು ಸುಲಭ. ಹೊರಗೆ ಹೋದದ್ದನ್ನು ಹಿಡಿಯಲು ಹೊರಟವನಿಗೆ ಜಗತ್ತಿನ ಅಗಲ ಗೊತ್ತಾಯಿತು. ಕಂಪನಿಗಳಿಗೆ ಬರೆದೆ, ಪೊಲೀಸರಿಗೆ ಬರೆದೆ. ಒಂದು ಕಡೆ ಅಳಿಸುವಷ್ಟರಲ್ಲಿ ಇನ್ನೊಂದು ಕಡೆ ಹುಟ್ಟುತ್ತದೆ. ಮೇಧಾಳ ಉತ್ತರ ಸಮೇತ ಇಡೀ ಕೂಟವನ್ನು ಹಾಕೋಣವೆಂದರೆ ಅವಳೇ ಬೇಡವೆಂದಳು. “ಸರ್, ಅರ್ಧ ನಿಮಿಷ ಕೇಳಿ ಸಿಟ್ಟು ಮಾಡ್ಕೊಂಡವ್ರು ಅರ್ಧ ದಿನ ಕೂತು ಸಮಾಧಾನ ಆಗ್ತಾರಾ?” ಎಂದು ಕೇಳಿದಳು. ಫೋನ್ ನಂಬರ್ ಕೇಳಿದ ಚಪ್ಪಲಿ ಅಂಗಡಿಯವನ ಹತ್ತಿರ ಜಗಳವಾಡಿದ ನಾನು, ನಿನ್ನ ಗಂಟಲನ್ನು ಕೇಳದೆ ಕೊಟ್ಟುಬಿಟ್ಟೆ. ನನ್ನ ತತ್ವ ಎಲ್ಲ ನನ್ನ ನಂಬರಿಗೆ ಮಾತ್ರ ಆಗಿತ್ತು ಎಂದು ಕಾಣುತ್ತದೆ.

ಇನ್ನೊಂದು ವಿಷಯ, ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ನಿನ್ನ ಧ್ವನಿಯಲ್ಲಿ ಹೊಸ ಮಾತು ಓಡಾಡುತ್ತಿದೆ. ನೀನು ಆಡದ್ದು. ಯಾವುದೋ ಜಾತಿಯವರನ್ನು ಬೈಯುವ ಹೊಲಸು. ಮದ್ದಳೆ ಇಲ್ಲದ, ಸಭೆ ಇಲ್ಲದ ಶುದ್ಧವಾದ ಕಂಠ ಸಿಕ್ಕಿದರೆ ಅದನ್ನು ಅಚ್ಚು ಮಾಡಿಕೊಂಡು ಏನನ್ನು ಬೇಕಾದರೂ ಆಡಿಸಬಹುದು. ಹಾಗೆ ಶುದ್ಧ ಮಾಡಿ ಕೊಟ್ಟವನು ನಾನು.

ಕೇಳಿದೆ. ಏನು ಹೇಳಲಿ, ಉಸಿರೂ ನಿನ್ನದೇ. ಮೀಸೆ ಮೂಡುವ ಮೊದಲಿನಿಂದ ನಿನ್ನನ್ನು ಕೇಳಿದ ನನಗೇ ಮೊದಲು ಗೊತ್ತಾಗಲಿಲ್ಲ. ಹೊಲಸನ್ನು ಕೇಳಿ ಹೇಸಿಗೆಯಾಗುತ್ತಿರುವಾಗಲೂ ಎಂಥ ಕೆಲಸ ಮಾಡಿದ್ದಾರೆ ಎಂದು ಬೆರಗಾಯಿತು, ಸುಳ್ಳು ಹೇಳುವುದಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ವ್ಯತ್ಯಾಸ ಸಿಕ್ಕಿತು. ನೀನು ಒಂದು ಮಾತು ಆಡಿ ಎದುರಿನವರ ಮುಖ ನೋಡುತ್ತೀಯ, ಒಂದು ಕ್ಷಣ ತಡೆಯುತ್ತೀಯ. ಆ ಧ್ವನಿ ಯಾರಿಗೂ ಕಾಯುವುದಿಲ್ಲ. ಅದರ ಎದುರು ಯಾರೂ ಕೂತಿಲ್ಲ.

ಇದನ್ನು ಪೊಲೀಸರಿಗೆ ಹೇಳಿದರೆ ಅವರು ಒಳ್ಳೆಯ ಮನುಷ್ಯರು, ಚಹಾ ತರಿಸಿಕೊಟ್ಟರು.

ಉತ್ತರ ಬರೆಯದಿದ್ದರೂ ಸರಿ. ಓದಿದೆ ಎಂದು ವಿಶಾಲಾಕ್ಷಮ್ಮನವರ ಹತ್ತಿರ ಹೇಳಿಸು.

ಗೌರೀಶ


ತೀರ್ಥಹಳ್ಳಿ
೨೪ ಆಗಸ್ಟ್ ೨೦೨೫

ಗೌರೀಶಣ್ಣನವರಿಗೆ,

ನಿಮ್ಮ ಪತ್ರಗಳನ್ನೆಲ್ಲ ಓದಿದ್ದಾರೆ. ಓದಿ ಮಡಚಿ ಇಡುತ್ತಾರೆ. ನಿಮ್ಮ ಹೆಸರು ಎತ್ತಿದರೆ ಮುಖ ಗಂಟಿಕ್ಕುವುದಿಲ್ಲ, ಅಷ್ಟು ಹೇಳಬಲ್ಲೆ.

ಹೊರಗಿನ ಗಲಾಟೆ ತಣ್ಣಗಾಗಿದೆ. ಜನರಿಗೆ ಬೇರೆ ಯಾರೋ ಸಿಕ್ಕಿದ್ದಾರೆ. ಗೇಟಿನ ಹತ್ತಿರ ಕೂಗಿದವರಲ್ಲಿ ಒಬ್ಬ ಪೇಟೆಯಲ್ಲಿ ನನ್ನ ಚೀಲ ಹೊತ್ತು ಆಟೋ ತನಕ ಬಂದ. ಆದರೆ ನಮ್ಮ ಮನೆಯೊಳಗೆ ತಣ್ಣಗಾದದ್ದು ಬೇರೆ. ಇವರು ಮಾತು ನಿಲ್ಲಿಸಿದ್ದಾರೆ. ಸಂನ್ಯಾಸಿಯ ಹಾಗಲ್ಲ, ಬೇಕು, ಬೇಡ, ಬಂತು, ಹೋಯಿತು ಎನ್ನುತ್ತಾರೆ. ಮೊದಲು ತರಕಾರಿಯವನಿಗೂ ಅರ್ಥ ಹೇಳುತ್ತಿದ್ದರು. ಸೌತೆಕಾಯಿ ಕಹಿಯಾದರೆ ಅದರ ಪರವಾಗಿ ವಾದ, ನಾನು ವಿರೋಧ. ನಾನು ಬೈದುಕೊಳ್ಳುತ್ತಲೇ ಇದ್ದೆ, ನನಗೂ ಮಾತು ಬರುತ್ತದೆ ಎಂದು ಇವರಿಂದಲೇ ಗೊತ್ತಾದದ್ದು. ಈಗ ಕುಕ್ಕರಿನ ಸೀಟಿ ಕೇಳಿದರೆ ಮನೆಯಲ್ಲಿ ಯಾರೋ ಇದ್ದಾರಪ್ಪಾ ಎನ್ನಿಸುತ್ತದೆ.

ಮೇಧಾ ಬಂದಿದ್ದಳು. ಕಾರ್ತಿಕದಲ್ಲಿ ಹೊನ್ನೆಬೈಲಿನವರು ಮತ್ತೆ ಅದೇ ಪ್ರಸಂಗ ಇಟ್ಟುಕೊಂಡಿದ್ದಾರಂತೆ. ರಾಕ್ಷಸನಿಗೆ ಬೇರೆಯವರನ್ನು ಕರೆಯುತ್ತಾರಂತೆ. ಅವಳು “ಸರ್ ಇಲ್ದೇ ನಾನು ಕೂರಲ್ಲ” ಎಂದು ಅತ್ತಳು. ಇವರು ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟರು, ಅಷ್ಟೇ.

ನಿಮ್ಮ ಯಂತ್ರಕ್ಕೆ ಎಲ್ಲ ಬರುತ್ತದೆ ಎನ್ನುತ್ತಿದ್ದಿರಲ್ಲ. ಹೋದದ್ದನ್ನು ವಾಪಸ್ ತರಲು ಬರುತ್ತದೆಯೇ ಕೇಳಿ. ಅದಕ್ಕೆ ಬಾರದಿದ್ದರೆ ನೀವೇ ಏನಾದರೂ ಮಾಡಿ.

ವಿಶಾಲಾಕ್ಷಿ


ಸಾಗರ
೫ ಅಕ್ಟೋಬರ್ ೨೦೨೫

ವಿಶಾಲಾಕ್ಷಮ್ಮನವರಿಗೆ,

ಯಂತ್ರಕ್ಕೆ ಬರುವುದಿಲ್ಲ. ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊನ್ನೆಬೈಲಿಗೆ ಹೋಗಿ ಬಂದೆ. ಚೀಲದಲ್ಲಿ ಒಂದು ಸ್ಪೀಕರ್, ಇಡೀ ಕೂಟದ ರೆಕಾರ್ಡು.

ಹೂವಯ್ಯನವರು ಮನೆಯ ಎದುರೇ ಇದ್ದರು. ನಾನು ಯಾರೆಂದು ಹೇಳಿದ ಮೇಲೆ ಕೂರಿ ಎನ್ನಲಿಲ್ಲ. ನಾನೇ ಕೂತೆ. ಸಿಟ್ಟು ದೇವರ ವಿಷಯಕ್ಕೆ ಎಂದು ನಾನು ತಿಳಿದಿದ್ದೆ. ಅದಲ್ಲ. “ಕಲ್ಲು ಅಂದಿದ್ದಕ್ಕೆ ನಂಗೇನಿಲ್ಲ, ರಾಕ್ಷಸ ಇನ್ನೆಂತ ಅಂತಾನೆ? ನಮ್ಮಮ್ಮಂಗೆ ದಮ್ಮು. ದೇವಸ್ಥಾನದ ಮುಂದಿನ ಚಪ್ಪರ ನಾನೇ ನಿಂತು ಕಟ್ಟಿಸ್ತಾ ಇದ್ದೆ. ಫೋನಲ್ಲಿ ಆ ಮಾತು ಕೇಳಿ ಊರೆಲ್ಲ ನನ್ನ ಮುಖ ನೋಡ್ತು. ಕೂಟದಲ್ಲಿ ಕೇಳಿದಾಗ ಹಂಗೆ ಅನ್ಸಿರ್ಲಿಲ್ಲ ಕಣ್ರೀ. ಫೋನಲ್ಲಿ ಕೇಳಿದಾಗ ನಂಗೇ ಹೇಳಿದ್ದು ಅನ್ಸ್ತು” ಎಂದರು.

ಕೂಟದ ದಿನ ಸಭೆಯಲ್ಲಿ ಕೆಮ್ಮಿದವರು ಅವರ ತಾಯಿ ವೆಂಕಮ್ಮ. ಸುಂದರೇಶನಿಗೆ ಅದು ಯಾರೆಂದು ಗೊತ್ತೇ ಇರಲಿಲ್ಲ, ಅವನೇ ನನಗೆ ಬರೆದಿದ್ದ. ಅದನ್ನು ಹೇಳಿದೆ. ಆಮೇಲೆ, ಹಾಕಲೇ ಎಂದು ಕೇಳಿ, ಅವರು ಹ್ಞೂಂ ಎಂದ ಮೇಲೆ ಸ್ಪೀಕರ್ ಹಚ್ಚಿದೆ. ಈ ಸಲ ಕೇಳಿಯೇ ಹಾಕಿದೆ, ನೋಡಿ.

ಮಧ್ಯಾಹ್ನವೆಲ್ಲ ಕೇಳಿದೆವು. ವೆಂಕಮ್ಮ ಒಳಗಿಂದ ಬಂದು ಬಾಗಿಲಿಗೆ ಒರಗಿ ಕೂತರು. ಅಕ್ಕಪಕ್ಕದವರೂ ಸೇರಿದರು. ಕಲ್ಲು ಕೆಮ್ಮುವುದಿಲ್ಲ ಎನ್ನುವ ಮಾತು ಬಂತು. ಅದರ ಬೆನ್ನಿಗೆ ಮೇಧಾಳ ಉತ್ತರ. ‘ಕೇಳಿಸಿದವಳು ಯಾರು’ ಎಂದು ಅವಳು ಕೇಳುವಾಗ ಹೂವಯ್ಯನವರು ತಾಯಿಯ ಕಡೆ ನೋಡಲಿಲ್ಲ, ನೆಲ ನೋಡಿದರು. ಸುಂದರೇಶ ಸೋತದ್ದಕ್ಕೆ ಆ ರೆಕಾರ್ಡಿನಲ್ಲಿ ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟುತ್ತದಲ್ಲ, ಅದರಲ್ಲಿ ಹೂವಯ್ಯನವರ ನಗೆಯೂ ಇತ್ತು. ಅವರೇ ಗುರುತಿಸಿದರು. ಇದನ್ನೆಲ್ಲ ತೆಗೆದು ಒಗೆದು, ಶುದ್ಧ ಮಾಡಿದೆ ಎಂದು ಹಿಗ್ಗಿದವನು ನಾನು.

ಮುಗಿದ ಮೇಲೆ ಹೂವಯ್ಯನವರು “ನಾನೇ ಹೋಗಿ ಕರೀತೀನಿ. ಬರ್ತಾರಾ?” ಎಂದರು. ಗೊತ್ತಿಲ್ಲ ಎಂದೆ. ವೆಂಕಮ್ಮ ಎದ್ದು ಒಳಗೆ ಹೋದರು. ನನ್ನನ್ನು ಊಟಕ್ಕೆ ಏಳಿಸಿದರು, ಅಷ್ಟರ ಮಟ್ಟಿಗೆ ಸರಿಯಾಯಿತು.

ಗೌರೀಶ


ತೀರ್ಥಹಳ್ಳಿ
೩೧ ಅಕ್ಟೋಬರ್ ೨೦೨೫

ಗೌರೀಶ,

ಹೂವಯ್ಯನವರು ಬಂದಿದ್ದರು. ಒಂದು ಗೊನೆ ಬಾಳೆಹಣ್ಣು ತಂದು ಜಗಲಿಯಲ್ಲಿಟ್ಟು ಕೂತರು. ಇಬ್ಬರೂ ಹಣ್ಣು ತಿಂದೆವು.

ಬರುತ್ತೇನೆ ಎಂದಿದ್ದೇನೆ. ಕೂರುತ್ತೇನೆ. ಬಾಯಿ ತೆರೆಯುತ್ತದೆಂದು ಭಾಷೆ ಕೊಡಲಾರೆ. ಬೆಳಿಗ್ಗೆ ಬಚ್ಚಲಿನಲ್ಲಿ ಒಬ್ಬನೇ ಪ್ರಯತ್ನಿಸಿದೆ, ನಾಲ್ಕು ಮಾತಿಗೆ ನಿಂತಿತು. ವಿಶಾಲಾಕ್ಷಿ ಬರುವುದಿಲ್ಲವಂತೆ, ನಾನು ಎಲ್ಲರೆದುರು ಸುಮ್ಮನೆ ಕೂತರೆ ಅದನ್ನು ನೋಡಲಾರಳಂತೆ. ನೀನು ಬಾ. ಮುಂದಿನ ಸಾಲಿನಲ್ಲಿ ನೀನಿಲ್ಲದಿದ್ದರೆ ನನಗೆ ಅಭ್ಯಾಸವಿಲ್ಲ.

ಸುಂದರೇಶ


ಸಾಗರ
೧೭ ನವೆಂಬರ್ ೨೦೨೫

ವಿಶಾಲಾಕ್ಷಮ್ಮನವರಿಗೆ,

ನಿನ್ನೆಯದನ್ನು ಅವನು ನಿಮಗೆ ಹೇಳುವುದಿಲ್ಲ. ಹೇಳಲು ಅವನಿಗೆ ನೆನಪಿರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಭಾನುವಾರವಾದ್ದರಿಂದ ಚಪ್ಪರ ತುಂಬಿತ್ತು. ಅರ್ಧ ಜನ ದೇವಿಗೆ ಬಂದವರು, ಅರ್ಧ ಜನ ಸುಂದರೇಶ ಏನು ಮಾಡುತ್ತಾನೆಂದು ನೋಡಲು ಬಂದವರು. ಹೂವಯ್ಯನವರು ಮೈಕಿನಲ್ಲಿ “ಫೋನು ಎಲ್ಲ ಒಳಗಿಡಿ, ದಮ್ಮಯ್ಯ” ಎಂದರು. ಕೆಲವರು ಇಟ್ಟರು. ಹಲವರು ಇಡಲಿಲ್ಲ, ಕೈ ಮೇಲೆತ್ತಿ ಹಿಡಿದೇ ಇದ್ದರು. ಮೇಧಾ ಎದುರು ಕೂತಿದ್ದಳು. ನಾನು ನನ್ನ ಜಾಗದಲ್ಲಿದ್ದೆ.

ಭಾಗವತರು ರಾಕ್ಷಸನ ಪದ್ಯ ಹಾಡಿದರು. ಮದ್ದಳೆ ನಿಂತಿತು. ಅವನು ಬಾಯಿ ತೆರೆದ. ಅವನ ಕಣ್ಣು ಆ ಫೋನುಗಳ ಮೇಲೆ ಹೋಯಿತು. ಬಾಯಿ ಮುಚ್ಚಿತು. ಭಾಗವತರು ದೊಡ್ಡ ಮನುಷ್ಯರು, ಏನೂ ಆಗದವರ ಹಾಗೆ ಪದ್ಯವನ್ನು ಮತ್ತೊಮ್ಮೆ ಎತ್ತಿಕೊಂಡರು. ಮತ್ತೆ ಮದ್ದಳೆ ನಿಂತಿತು. ಅವನು ಕೂತಿದ್ದಾನೆ, ಕೈ ತೊಡೆಯ ಮೇಲಿದೆ. ವಿಶಾಲಾಕ್ಷಮ್ಮ, ನೀವು ಬಾರದೆ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡೆ. ಎದ್ದು ಅವನನ್ನು ಕರೆದುಕೊಂಡು ಹೋಗಿಬಿಡೋಣವೆಂದು ನನ್ನ ಮೊಣಕಾಲು ಅರ್ಧ ಎದ್ದಿತ್ತು.

ಆಗ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ವೆಂಕಮ್ಮ ಮಾತಾಡಿದರು. ಮೈಕಿಲ್ಲ, ಏನಿಲ್ಲ. “ಬೈಯಿರಿ ಮೇಷ್ಟ್ರೇ,” ಎಂದರು. “ರಾಕ್ಷಸ ಬಾಯ್ಮುಚ್ಕೊಂಡು ಕೂತ್ರೆ ನಮ್ಮಮ್ಮ ಬಂದು ಯಾರಿಗೆ ಉತ್ರ ಕೊಡ್ತಾಳೆ? ಅವಳ ಮಾತು ಕೇಳ್ಬೇಕು ಅಂತ ಬಂದು ಕೂತೀನಿ ನಾನು.” ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಹತ್ತಿತು. ಹೂವಯ್ಯನವರು ಎಲ್ಲರೆದುರು ಮೈಕು ಬಿಟ್ಟು ಓಡಿ ಬಂದು ತಾಯಿಯ ಬೆನ್ನು ನೀವುತ್ತಾ ಕೂತರು.

ಸುಂದರೇಶ ಆ ಮುದುಕಿಯನ್ನು ನೋಡಿದ. ಎರಡೂ ಕೈ ಎತ್ತಿ ಅವರಿಗೆ ಮುಗಿದ. ಆಮೇಲೆ ಮೇಧಾಳ ಕಡೆ ತಿರುಗಿ, ಇಷ್ಟು ತಿಂಗಳು ಎಲ್ಲಿಟ್ಟಿದ್ದನೋ ಆ ಕಂಠವನ್ನು, ಗರ್ಜಿಸಿದ.

ಏನು ಹೇಳಿದ ಎಂದು ಕೇಳಬೇಡಿ. ಬರೆಯಲು ಕೂತರೆ ಒಂದು ಸಾಲೂ ಬರುತ್ತಿಲ್ಲ. ನನ್ನ ಜೇಬಿನಲ್ಲಿ ರೆಕಾರ್ಡರ್ ಇತ್ತು. ಮಾಡಬಾರದೆಂದು ಸುಮ್ಮನಿದ್ದೆ ಎಂದು ದೊಡ್ಡಸ್ತಿಕೆ ಕೊಚ್ಚಿಕೊಳ್ಳುವುದಿಲ್ಲ, ಅದು ಇದೆ ಎಂಬುದೇ ಮರೆತುಹೋಗಿತ್ತು. ದೇವಿಯನ್ನು ಅವನು ಬೈದ ಬೈಗಳಿಗೆ ಇನ್ನು ಉತ್ತರ ಬರಲಿಕ್ಕೆ ಸಾಧ್ಯವೇ ಇಲ್ಲ ಎನ್ನಿಸಿತು. ಮೇಧಾ ಉತ್ತರ ಕೊಟ್ಟಳು. ಪಕ್ಕದವರು ಅಳುತ್ತಿದ್ದರು. ಎತ್ತಿ ಹಿಡಿದ ಫೋನುಗಳು ಯಾವಾಗ ಕೆಳಗಿಳಿದವು ಎಂದು ನಾನು ನೋಡಲಿಲ್ಲ. ತಿರುಗಿ ನೋಡುವಾಗ ಒಂದೂ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಕೈ ಎತ್ತಿ ಹಿಡಿದವರಿಗೆ ಕೈ ಇದೆ ಎಂಬುದೇ ಮರೆತಿತ್ತು. ಬದುಕಿಡೀ ಯಂತ್ರಗಳ ಎದುರು ಬಾಯಿ ಬಿಟ್ಟುಕೊಂಡು ನಿಂತವನು ನಾನು. ಇಂಥದ್ದನ್ನು ಕಂಡಿರಲಿಲ್ಲ.

ಊಟಕ್ಕೆ ಕೂತಾಗ ಯಾರೂ ಆ ಮಾತು ಎತ್ತಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಸುಂದರೇಶ ಮಾತು ತೆಗೆದ, ಸರಿಯಾಗಿದೆ ಎಂದು ಮೇಧಾ ಹೇಳಿದಳು. ಅಲ್ಲಿಂದ ಇಬ್ಬರಿಗೂ ಹತ್ತಿಕೊಂಡಿತು. ಹೂವಯ್ಯನವರು ಬಡಿಸುತ್ತಿದ್ದ ಸೌಟು ಹಿಡಿದೇ ನಿಂತು ಕೇಳುತ್ತಿದ್ದರು. ತೀರ್ಥಹಳ್ಳಿಗೆ ಜೀಪು ಹೊರಡುವಾಗಲೂ ಅವನು ಉಪ್ಪಿನ ವಿಷಯದಲ್ಲೇ ಇದ್ದ.

ಈ ಪತ್ರ ಕೈಸೇರುವ ಹೊತ್ತಿಗೆ ಅವನು ನಿಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಯಾವುದೋ ಸೌತೆಕಾಯಿಯ ಪರವಾಗಿ ಮಾತಾಡುತ್ತಿರುತ್ತಾನೆ. ನಿಲ್ಲಿಸುವುದು ನನ್ನಿಂದ ಆಗುವುದಿಲ್ಲ. ಇನ್ನು ಅದು ನಿಮ್ಮ ಪಾಡು.

ಗೌರೀಶ